ಐದು ನಕ್ಷತ್ರ, ನಲವತ್ತಮೂರು ಬೈಗುಳ

ಜಯಮ್ಮ ನಮ್ಮ ಆಪಿಗೆ ಪ್ರತಿ ತಿಂಗಳೂ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದರು. ಅದೇ ಆಪನ್ನು ಅವರು ಒಂದು ಗಂಟೆ ಹನ್ನೆರಡು ನಿಮಿಷದಲ್ಲಿ ನಲವತ್ತಮೂರು ಸಲ ಬೈದಿದ್ದಾರೆ. ನಕ್ಷತ್ರಗಳನ್ನು ಎಣಿಸಿದ್ದು ಕಂಪನಿಯ ಕಂಪ್ಯೂಟರು. ಬೈಗುಳ ಎಣಿಸಿದವಳು ನಾನು. ಹೆಸರು ಹರ್ಷಿತಾ, ಊರು ಮೈಸೂರು, ಕೆಲಸ ಕೊಚ್ಚಿಯ ಕಾಕ್ಕನಾಡಿನಲ್ಲಿ ಆಪುಗಳನ್ನು ಪರೀಕ್ಷೆ ಮಾಡುವುದು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ಎಂದರೂ ಒಂದೇ. ಈ ಕೆಲಸಕ್ಕೆ ನೀನು ಹೇಳಿ ಮಾಡಿಸಿದ ಹಾಗಿದ್ದೀಯ ಎಂದು ನಮ್ಮಮ್ಮ ಹೇಳುತ್ತಾರೆ, ಹೊಗಳಿಕೆಯಾಗಿ ಅಲ್ಲ.

ಜಯಮ್ಮ ಮದ್ದೂರಿನ ಕಡೆಯವರು. ಹತ್ತೊಂಬತ್ತಕ್ಕೆ ಮದುವೆಯಾಗಿ ತಿರುವನಂತಪುರಕ್ಕೆ ಬಂದರು. ಗಂಡ ಮೋಹನ ಬಾಹ್ಯಾಕಾಶ ಕೇಂದ್ರದಲ್ಲಿ ಟೆಕ್ನಿಷಿಯನ್. ಬಂದು ಮೂವತ್ತೊಂದು ವರ್ಷವಾಯಿತು. ಮೊದಲು ಕ್ವಾರ್ಟರ್ಸಿನಲ್ಲಿ, ಆಮೇಲೆ ಕಳಕ್ಕೂಟ್ಟಂನ ಸ್ವಂತ ಮನೆಯಲ್ಲಿ, ಅವರು ಎಲ್ಲರಿಗೂ 'ಮೋಹನ್ ಸಾರಿನ ವೈಫ್'. ಮಗಳ ಶಾಲೆಯಲ್ಲಿ 'ಧನಶ್ರೀಯ ಅಮ್ಮ'. ಕರೆಯುವವರನ್ನೇ ಯಾಕೆ ದೂರಬೇಕು? ಬಾಗಿಲಿಗೆ ಹೊಸಬರು ಬಂದರೆ ಇವರೂ ಹಾಗೇ ಪರಿಚಯ ಹೇಳಿಕೊಳ್ಳುತ್ತಿದ್ದರು.

ಎರಡು ವರ್ಷದ ಹಿಂದೆ ಮಗಳು ಧನಶ್ರೀ ಅಮ್ಮನ ಅಡುಗೆಯನ್ನು ನಮ್ಮ ಆಪಿಗೆ ಸೇರಿಸಿದಳು. ಮನೆಯಲ್ಲಿ ಅಡುಗೆ ಮಾಡಿ ಮಾರುವವರನ್ನೂ ಆಫೀಸು, ಹಾಸ್ಟೆಲುಗಳಲ್ಲಿ ಹಸಿದು ಕೂತವರನ್ನೂ ಜೋಡಿಸುವ ಆಪು ಅದು. ಕಳಕ್ಕೂಟ್ಟಂನ ಕಂಪನಿಗಳಲ್ಲಿ ನಮ್ಮ ಕಡೆಯ ಹುಡುಗರಿಗೇನು ಬರವೇ? ಪುಟ್ಟು, ಕಡಲೆಕರಿ ತಿಂದು ತಿಂದು ಮುದ್ದೆಯ ಕನಸು ಕಾಣುತ್ತಿದ್ದವರು ಮುಗಿಬಿದ್ದರು. ಮೊದಲ ಆರ್ಡರ್ ಬಂದ ದಿನ ಮನೆಯಲ್ಲಿ ಇದ್ದ ಗಡಿಬಿಡಿ ರಾಕೆಟ್ ಹಾರಿಸುವ ದಿನ ಆಫೀಸಿನಲ್ಲೂ ಇರುವುದಿಲ್ಲವೆಂದು ಮೋಹನ ಇವತ್ತಿಗೂ ಹೇಳುತ್ತಾರೆ. ಐವತ್ತರ ಹೊಸ್ತಿಲಲ್ಲಿ ಜಯಮ್ಮನಿಗೆ ಮೊದಲ ಸಲ, ಬೆಳಗ್ಗೆ ಯಾರಾದರೂ ಮಾತಿಗೆ ಎಳೆದರೆ, 'ಈಗ ಆಗಾಕಿಲ್ಲ, ನಂಗೆ ಕೆಲ್ಸ ಅದೆ' ಎನ್ನುವ ಭಾಗ್ಯ ಬಂತು. ಅದನ್ನು ಅವರು ಅಗತ್ಯಕ್ಕಿಂತ ಹೆಚ್ಚೇ ಹೇಳುತ್ತಿದ್ದರಂತೆ.

ಈ ಭಾಗ್ಯಕ್ಕೆ ಕಲ್ಲು ಹಾಕಲು ಹೊರಟವರು ನಾವು.

ಹೋದ ಫೆಬ್ರವರಿಯಲ್ಲಿ ನಾವು ತಂದ ಹೊಸ ನಿಯಮ ಹೀಗಿತ್ತು. ಆರ್ಡರ್ ಬಂದರೆ ಅಡುಗೆಯವರ ಫೋನು ಕೂಗುತ್ತದೆ. ಅರವತ್ತು ಸೆಕೆಂಡಿನೊಳಗೆ ಪರದೆಯ ಹಸಿರು ಪಟ್ಟಿಯನ್ನು ಬೆರಳಿನಿಂದ ಬಲಕ್ಕೆ ಎಳೆದು ಒಪ್ಪಿಕೊಳ್ಳಬೇಕು. ತಪ್ಪಿದರೆ ಆರ್ಡರ್ ಇನ್ನೊಬ್ಬರಿಗೆ. ತಿಂಗಳಲ್ಲಿ ನೂರಕ್ಕೆ ಎಪ್ಪತ್ತಾದರೂ ಒಪ್ಪಿಕೊಳ್ಳದಿದ್ದರೆ ಎಚ್ಚರಿಕೆ. ಮೂರು ತಿಂಗಳು ಹಾಗೇ ಆದರೆ ಪಟ್ಟಿಯಿಂದಲೇ ಹೊರಗೆ. ಈ ನಿಯಮ ಬರೆದವರಲ್ಲಿ ಒಬ್ಬನೂ ಜೀವಮಾನದಲ್ಲಿ ಹಿಟ್ಟು ಮುಟ್ಟಿದವನಲ್ಲ. ಪರೀಕ್ಷೆ ಮಾಡಿ 'ಸರಿಯಾಗಿದೆ' ಎಂದವಳು ನಾನೇ. ಏಸಿಯ ಕೆಳಗೆ ಕೂತು, ಒಣ ಬೆರಳಿನಲ್ಲಿ ಎಳೆದು ನೋಡಿದ್ದೆ, ಬೆಣ್ಣೆಯಂತೆ ಜಾರಿತ್ತು.

ಕಂಪನಿ ಕಟ್ಟಿದವನು ಜೋಬಿನ್. ಅಂಗಮಾಲಿಯವನು, ಒಳ್ಳೆಯವನು, ಆದರೆ ಕಂಪನಿ ನಡೆಸುವುದು ಹೇಗೆ ಎಂಬ ಪುಸ್ತಕ ಓದಿ ಕೆಟ್ಟವನು. 'ನಾವು ಬಳಕೆದಾರರ ಮಾತು ಕೇಳುತ್ತೇವೆ' ಎಂದು ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದ. ಪ್ರತಿ ತಿಂಗಳೂ ಅಡುಗೆಯವರಿಗೆಲ್ಲ ಅಭಿಪ್ರಾಯದ ಫಾರಂ ಹೋಗುತ್ತಿತ್ತು. ಹೋದ ಮೇ ತಿಂಗಳಲ್ಲಿ ಅವನು ಎರಡು ಪಟ್ಟಿ ಹಿಡಿದು ಬಂದ. ಪಟ್ಟಿಯಿಂದ ತೆಗೆಯಬೇಕಾದ ಹನ್ನೊಂದು ಅಡುಗೆಮನೆಗಳಲ್ಲಿ ಮೊದಲನೆಯದು ನಂಬರ್ ನೂರ ಹದಿನೆಂಟು. ಆಪಿಗೆ ಅತಿ ಹೆಚ್ಚು ನಕ್ಷತ್ರ ಕೊಟ್ಟವರಲ್ಲೂ ಮೊದಲನೆಯದು ಅದೇ ನೂರ ಹದಿನೆಂಟು. ನಮ್ಮ ಆಫೀಸಿನ ಲೆಕ್ಕದಲ್ಲಿ ಅಡುಗೆಮನೆಗಳಿಗೆ ಹೆಸರಿಲ್ಲ, ನಂಬರೇ.

"ಆಪು ಇಷ್ಟ, ಕೆಲಸ ಕಷ್ಟ. ಸೋಮಾರಿ ಇರಬೇಕು," ಎಂದ ಜೋಬಿನ್.

ಆದರೂ ಪುಸ್ತಕದಲ್ಲಿ 'ಮನೆಗೇ ಹೋಗಿ ನೋಡಿ' ಎಂದಿತ್ತಲ್ಲ, ಹೋದ. ಅಡುಗೆಮನೆಯ ಶೆಲ್ಫಿನ ಮೇಲೆ ಒಂದು ಫೋನನ್ನು ರೆಕಾರ್ಡಿಗೆ ನಿಲ್ಲಿಸಿ, "ಚೇಚಿ, ನೀವು ದಿನಾ ಮಾಡುವ ಹಾಗೆ ಮಾಡಿ," ಎಂದು ಅಲ್ಲಿನವರು ಅಕ್ಕನನ್ನು ಕರೆಯುವ ಹಾಗೆ ಕರೆದು ಹೇಳಿ, ತಾನು ನಡುಮನೆಯಲ್ಲಿ ಕೂತು ಮದ್ದೂರು ವಡೆ ತಿಂದ. ಆಮೇಲೆ ಪ್ರಶ್ನೆ ಕೇಳಿದ. ಜಯಮ್ಮ ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟರು: "ಎಲ್ಲಾಂ ನಲ್ಲದಾ ಮೋನೇ, ಒರು ಕುಳಪ್ಪವುಮಿಲ್ಲ." ಎಲ್ಲ ಚೆನ್ನಾಗಿದೆಯಪ್ಪ, ಏನೂ ತೊಂದರೆಯಿಲ್ಲ. ಹೊರಡುವಾಗ ಇನ್ನೂ ಎಂಟು ವಡೆ ಕಟ್ಟಿ ಕೊಟ್ಟರು.

ಜೋಬಿನ್ ಹಿಂದಿರುಗಿ ವರದಿ ಬರೆದ: ಆಪಿನಲ್ಲಿ ದೋಷವಿಲ್ಲ. ಒಂದನೇ ತಾರೀಕು ಭಾನುವಾರ ಹನ್ನೊಂದು ಅಡುಗೆಮನೆಗಳನ್ನೂ ತೆಗೆಯತಕ್ಕದ್ದು. ಆಮೇಲೆ ನನ್ನ ಮೇಜಿಗೆ ಬಂದು ರೆಕಾರ್ಡಿಂಗ್ ಕೊಟ್ಟ.

"ನೀನು ಕನ್ನಡದವಳಲ್ಲವೇ? ಆ ಚೇಚಿ ಅಡುಗೆ ಮಾಡುತ್ತಾ ಉದ್ದಕ್ಕೂ ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತಾರೆ. ಎಷ್ಟು ಭಕ್ತಿ ಗೊತ್ತಾ! ಅವರನ್ನು ತೆಗೆದರೂ ಆ ಧ್ವನಿಯನ್ನು ಜಾಹೀರಾತಿಗೆ ಬಳಸೋಣ. ಹಿಂದೆ ಸಣ್ಣಗೆ ಕೊಳಲು ಇರಲಿ. ಯಾವ ದೇವರ ಸ್ತೋತ್ರ ಅಂತ ಬರೆದುಕೊಡು."

ನಾನು ಇಯರ್‌ಫೋನ್ ಹಾಕಿಕೊಂಡೆ. ನಾಲ್ಕನೇ ನಿಮಿಷದಲ್ಲಿ ಫೋನು ಕೂಗಿತು. ಸ್ತೋತ್ರ ಶುರುವಾಯಿತು.

"ಬಂದ್ಯಾ ಮೂದೇವಿ? ಕೈ ಹಿಟ್ಟಿಗ್ ಇಟ್ಟಾಗ್ಲೇ ಬತ್ತೀಯಲ್ಲ, ನಿನ್ ಮನೆ ಕಾಯೋಗ! ಒಸಿ ತಡಿ, ಕೈ ತೊಳ್ಕೊತೀನಿ... ಅಯ್ಯೋ, ಎಳೀತಾ ಇವ್ನಿ, ಬರಾಕಿಲ್ಲ ಅಂತದಲ್ಲಪ್ಪ! ಒದ್ದೆ ಕೈ ಆದ್ರೆ ನಿಂಗೇನ್ ಮಡಿ ಕೆಟ್ಟೋಯ್ತದಾ ಮುಂಡೇದೇ? ಹೋಯ್ತು. ಹೋಯ್ತು ನೋಡು. ಹಾಳಾಗೋಗು."

ನಗು ತಡೆಯಲಾಗದೆ ನೀರು ಕುಡಿಯುವ ಕಡೆ ಎದ್ದು ಹೋದೆ. ಮತ್ತೆ ಬಂದು ಕೂತೆ. ಒಂಬತ್ತನೇ ನಿಮಿಷದಲ್ಲಿ ಆರ್ಡರ್ ಬಂದಾಗ ಬಾರಿಸುವ ಚೆಂಡೆಯ ಸದ್ದಿಗೆ: "ಯಾವನ್ಲಾ ಅವ್ನು ಅಡ್ಗೆಮನೇಲಿ ಚೆಂಡೆ ಬಾರ್ಸೋನು? ಎದೆ ಧಸಕ್ಕಂತದೆ, ಅವನ ಕೈ ಬಿದ್ದೋಗ." ಆ ಚೆಂಡೆಯನ್ನು ಆರಿಸಿದವನು ಜೋಬಿನ್. ಇಪ್ಪತ್ತನೇ ನಿಮಿಷದಲ್ಲಿ, ಮುದ್ದೆ ಕಟ್ಟಿಟ್ಟು ಡೆಲಿವರಿಯವನಿಗೆ ಕಾಯುತ್ತಾ: "ಮುದ್ದೆ ಆರಿದ್ರೆ ಕಲ್ಲಾಯ್ತದೆ ಅಂತ ನಿಮ್ಮಪ್ಪ ನಿಂಗೆ ಹೇಳ್ಲಿಲ್ವಾ? ಅವ್ನು ಜಂಕ್ಷನ್‌ಗ್ ಬಂದಾಗ ಒಂದ್ ಮಾತ್ ಅಂದಿದ್ರೆ ಆಗ ಕಟ್ತಿರ್ಲಿಲ್ವಾ ನಾನು? ದರಬೇಸಿ!"

ನಕ್ಕು ಮುಗಿದ ಮೇಲೆ ಮುಖ ಬಿಸಿಯಾಯಿತು. ಆ ಹಸಿರು ಪಟ್ಟಿ ಬೆಣ್ಣೆಯಂತೆ ಜಾರುತ್ತದೆ ಎಂದು ಬರೆದವಳು ನಾನಲ್ಲವೇ? ಈ ಹೆಂಗಸು ಸೋಮಾರಿಯಲ್ಲ. ಒಂದು ಗಂಟೆಯಲ್ಲಿ ಏಳು ಸಲ ಕೈ ತೊಳೆದು ಫೋನಿಗೆ ಓಡಿದ್ದಾರೆ, ಐದು ಸಲ ಸೋತಿದ್ದಾರೆ. ಯಾವ ಪುಸ್ತಕ ಓದಿದವನೂ ನಮ್ಮ ಆಪನ್ನು ಇಷ್ಟು ಕರಾರುವಾಕ್ಕಾಗಿ ವಿಮರ್ಶೆ ಮಾಡಿರಲಿಲ್ಲ. ನಾನು ಬರೆದುಕೊಂಡೆ: ಒದ್ದೆ ಕೈ ಮತ್ತು ಅರವತ್ತು ಸೆಕೆಂಡಿಗೆ ಇಪ್ಪತ್ತಾರು ಬೈಗುಳ, ಮುದ್ದೆಯ ಹೊತ್ತಿಗೆ ಹನ್ನೊಂದು, ಚೆಂಡೆಗೆ ಆರು.

ಶುಕ್ರವಾರದ ಮೀಟಿಂಗಿನಲ್ಲಿ ಎಲ್ಲರ ಮುಂದೆ ಓದಿದೆ. 'ನಿನ್ ಮನೆ ಕಾಯೋಗ' ಎಂಬುದನ್ನು 'ಬಳಕೆದಾರರು ಅಸಮಾಧಾನ ವ್ಯಕ್ತಪಡಿಸುತ್ತಾರೆ' ಎಂದೂ, 'ಅವನ ಕೈ ಬಿದ್ದೋಗ' ಎಂಬುದನ್ನು 'ಸದ್ದನ್ನು ಬದಲಿಸಲು ಸಲಹೆ ನೀಡುತ್ತಾರೆ' ಎಂದೂ ಅನುವಾದ ಮಾಡಿದೆ. ಕೊಳಲಿನ ಮಾತು ಯಾರೂ ಎತ್ತಲಿಲ್ಲ.

ಜೋಬಿನ್ ಮುಖ ಚಿಕ್ಕದು ಮಾಡಿಕೊಂಡು ಕೇಳಿದ, "ಹಾಗಾದರೆ ನನ್ನ ಹತ್ತಿರ ಯಾಕೆ ಕುಳಪ್ಪಮಿಲ್ಲ ಎಂದರು?"

"ಅಲ್ಲಯ್ಯಾ, ಮನೆಗೆ ಬಂದ ನೆಂಟನ ಮುಖಕ್ಕೆ ಹೊಡೆದ ಹಾಗೆ, ನೀನು ಮಾಡಿದ್ದು ದರಿದ್ರವಾಗಿದೆ ಅಂತ ಹೇಳುವುದುಂಟೇ? ಅದೂ ನೀನು ವಡೆ ಬಾಯಿಗಿಟ್ಟುಕೊಂಡು ಕೂತಿರುವಾಗ?" ಎಂದೆ.

ಅವನಿಗೆ ಅದು ಒಗ್ಗಲಿಲ್ಲ. ಗೊಣಗಿದ್ದನ್ನೆಲ್ಲ ಅಭಿಪ್ರಾಯ ಎಂದು ಹಿಡಿಯಲಾಗದು, ಅನುವಾದ ಮಾಡಿದವಳೂ ನೀನೇ, ಅವರೇ ಬಾಯಿಬಿಟ್ಟು ನನಗೆ ಹೇಳಲಿ, ಆಗ ತೆಗೆಯುವುದನ್ನು ನಿಲ್ಲಿಸುತ್ತೇನೆ ಎಂದ. ಭಾನುವಾರಕ್ಕೆ ಉಳಿದಿದ್ದು ಒಂದೇ ದಿನ. ನನಗೆ ಮೈಯೆಲ್ಲ ಉರಿದುಹೋಯಿತು. ಶನಿವಾರ ಬೆಳಗ್ಗೆ ಆಲುವದಲ್ಲಿ ರೈಲು ಹತ್ತಿದೆ.

ಹತ್ತೂವರೆಗೆ ಕಳಕ್ಕೂಟ್ಟಂನ ಮನೆ ಮುಟ್ಟಿದಾಗ ಜಯಮ್ಮ ಬಾಗಿಲಲ್ಲೇ ನನ್ನ ಕನ್ನಡ ಕೇಳಿ ಅರ್ಧ ಅತ್ತುಬಿಟ್ಟರು. ಗಟ್ಟಿಮುಟ್ಟಾದ, ಕುಳ್ಳಗಿನ ಹೆಂಗಸು; ನಿಂತಲ್ಲಿ ನಿಲ್ಲುವ ಜಾತಿಯಲ್ಲ. ಮೋಹನರಿಗೆ ರಜೆ, ಪೇಪರ್ ಹಿಡಿದು ಕೂತಿದ್ದರು.

"ಬಾ ಮಗ, ಕುತ್ಕೊ. ರೈಲಲ್ ಏನ್ ತಿಂದ್ಯೋ ಏನೋ. ಮೊದ್ಲು ವಡೆ ತಿನ್ನು."

ನಾನು ವಡೆಗೆ ಕೈ ಹಚ್ಚಲಿಲ್ಲ. ಮೊದಲು ವಿಷಯ ಎಂದುಕೊಂಡೆ. "ಆಂಟಿ, ನಾಳೆಯಿಂದ ನಿಮ್ಮನ್ನ ಆಪಿಂದ ತೆಗೀತಾರೆ. ಎಚ್ಚರಿಕೆ ಬಂದಿಲ್ವಾ?"

ಅವರು ವಡೆಯ ತಟ್ಟೆ ಕೆಳಗಿಟ್ಟರು. "ಮೂರು ಬಂದವೆ ಕಣವ್ವ. ನನ್ನ ಕೈಲೇ ಆಗ್ತಿಲ್ಲ ಅಂತ ಸುಮ್ಕಾದೆ. ವಯಸ್ಸಾಯ್ತು ನೋಡು, ಬೆರ್ಳು ಮೊದ್ಲಿನಂಗೆ ಓಡಾಕಿಲ್ಲ."

"ಬೆರಳಲ್ಲ ಆಂಟಿ, ಆಪು ಸರಿಯಿಲ್ಲ! ಅದನ್ನ ನಮ್ಮ ಜೋಬಿನ್‌ಗೆ ನೀವೇ ಒಂದು ಮಾತು ಹೇಳಿದ್ರೆ ಸಾಕು."

"ಛೇ ಛೇ, ಚೆನ್ನಾಗದೆ ಕಣವ್ವ ನಿಮ್ ಆಪು. ದೇವ್ರಂಗದೆ. ಪಾಪ, ಮಕ್ಳು ಕಷ್ಟಪಟ್ಟು ಮಾಡಿರ್ತವೆ."

"ದಿನಾ ಬೈತೀರಲ್ಲ ಮತ್ತೆ?"

"ನಾನಾ? ಯಾವಾಗ್ ಬೈದೆ?"

ರೆಕಾರ್ಡಿಂಗ್ ಹಾಕಿದೆ. 'ಬಂದ್ಯಾ ಮೂದೇವಿ' ಎಂಬಲ್ಲಿಗೆ ಸೆರಗು ಮುಖಕ್ಕೆ ಹೋಯಿತು. 'ದರಬೇಸಿ' ಎಂಬಲ್ಲಿಗೆ ಮೋಹನ ಪೇಪರಿನ ಹಿಂದೆ ಅಲುಗಾಡತೊಡಗಿದರು. ಕೋಣೆಯಿಂದ ಧನಶ್ರೀ ಹೊರಬಂದು, "ಅಮ್ಮೇ, ಇದು ಸೂಪರಾಣಲ್ಲೋ!" ಎಂದು ಮಲಯಾಳದಲ್ಲಿ ಕೂಗಿದಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ ಆ ಹುಡುಗಿಗೆ, ಬೈಗುಳವಂತೂ ಇನ್ನೂ ಚೆನ್ನಾಗಿ.

ಜಯಮ್ಮ ಸೆರಗಿನೊಳಗಿಂದಲೇ ಹೇಳಿದರು, "ಬೈದಿವ್ನಿ ನಿಜ. ಬೈದಿದ್ರೂ ನ್ಯಾಯವಾಗೇ ಬೈದಿವ್ನಿ. ಆದ್ರೆ ಅದು ಅಡ್ಗೆಮನೆ ಮಾತು ಕಣವ್ವ. ಆ ಹುಡ್ಗನ್ ಮುಂದೆ ಹೇಳಾಕಾಯ್ತದಾ? ಅವ್ನು ಆಪ್ ಮಾಡಿದ್ಕೇ ನಂಗೊಂದ್ ಕೆಲ್ಸ ಅಂತ ಆಯ್ತು. ಉಂಡ ಮನೆ ಜಂತೆ ಎಣಿಸ್ಬಾರ್ದು."

"ಜಂತೆ ಎಣಿಸೋದೇ ನನ್ನ ಕೆಲಸ, ಆಂಟಿ!" ಎಂದು ಕೂಗಿಯೇ ಬಿಟ್ಟೆ. ಮೂವರೂ ನನ್ನ ಮುಖ ನೋಡಿದರು. ಪರರ ಮನೆಯಲ್ಲಿ ಕೂತು ಹಾಗೆ ಕಿರುಚಿದ್ದಕ್ಕೆ ನನಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಹನ್ನೆರಡಾಯಿತು. ಶನಿವಾರ ಹಾಸ್ಟೆಲ್ ಹುಡುಗರು ಊಟ ತರಿಸುವ ದಿನ. ಜಯಮ್ಮ ಅಡುಗೆಮನೆಗೆ ಓಡಿದರು. ನಾನು ಸೋತ ಮುಖ ಹೊತ್ತು ಹಿಂದೆ ಹೋಗಿ ದುಪಟ್ಟಾ ಸೊಂಟಕ್ಕೆ ಬಿಗಿದೆ. "ಕೊಡಿ ಆಂಟಿ ಇತ್ತ, ನಾನು ಮುದ್ದೆ ಕಟ್ತೀನಿ." ಬೇಡವೆಂದರು. ಬಿಡಲಿಲ್ಲ. ಬಿಸಿ ಹಿಟ್ಟು ಮಣೆಯ ಮೇಲೆ ಬಿತ್ತು, ಕೈ ಸುಟ್ಟಿತು, ಕಟ್ಟಿದ್ದು ಮುದ್ದೆಯ ಬದಲು ಆಲೂಗಡ್ಡೆಯ ಆಕಾರಕ್ಕೆ ಬಂತು. ಆಗ ಫೋನು ಚೆಂಡೆ ಬಾರಿಸಿತು.

ಎದೆ ಧಸಕ್ಕೆಂದಿತು. ಸತ್ಯವಾಗಿಯೂ.

ಹಿಟ್ಟಿನ ಕೈಯಲ್ಲಿ ಪಟ್ಟಿ ಎಳೆದೆ. ಜಾರಲಿಲ್ಲ. ಕುರ್ತಾಕ್ಕೆ ಒರೆಸಿ ಎಳೆದೆ. ಅರ್ಧಕ್ಕೆ ಬಂದು ವಾಪಸು ಹೋಯಿತು. ನಲ್ಲಿಯ ಕೆಳಗೆ ಕೈ ಒಡ್ಡಿ, ಒದ್ದೆ ಬೆರಳಿನಲ್ಲಿ ಎಳೆದೆ. ಪರದೆ ಹುಚ್ಚು ಹಿಡಿದಂತೆ ಬೇರೇನನ್ನೋ ತೆರೆಯಿತು. ಐವತ್ತೆಂಟು, ಐವತ್ತೊಂಬತ್ತು, ಹೋಯಿತು.

"ಥೂ ನಿನ್ನ ಮುಖಕ್ಕೆ! ಯಾವ ಕತ್ತೆ ಪರೀಕ್ಷೆ ಮಾಡ್ತು ನಿನ್ನ?" ಎಂದು ನಾನು ಫೋನಿಗೆ ಬೈದೆ. ಆಮೇಲೆ ಆ ಕತ್ತೆ ಯಾರೆಂಬುದು ನೆನಪಾಯಿತು.

ಜಯಮ್ಮ ಸೌಟು ಹಿಡಿದವರು ಹಾಗೇ ನಿಂತು ನನ್ನನ್ನು ನೋಡಿದರು. ನಗುವರೇನೋ ಎಂದುಕೊಂಡೆ. ನಗಲಿಲ್ಲ.

"ನಿಂಗೂ ಆಗ್ಲಿಲ್ವಾ?"

"ಇಲ್ಲ ಆಂಟಿ."

"ನಿಂಗ್ ಎಷ್ಟ್ ವಯಸ್ಸು?"

"ಇಪ್ಪತ್ತೇಳು."

"ಅಂಗಾರೆ ನನ್ ಬೆರ್ಳಲ್ಲ." ಅವರು ಸೌಟು ಕೆಳಗಿಟ್ಟರು. "ಮೂರ್ ತಿಂಗ್ಳಿಂದ ನನ್ ಬೆರ್ಳೇ ಕೆಟ್ಟೋಯ್ತು ಅಂದ್ಕಂಡಿದ್ನಲ್ಲವ್ವ. ರಾತ್ರಿ ಎಣ್ಣೆ ಹಚ್ಚಿ ನೀವ್ಕೊತಿದ್ದೆ." ಅವರ ಮುಖ ಕೆಂಪಾಗುತ್ತಾ ಬಂತು. "ಆ ಹುಡ್ಗಂಗೆ ಫೋನ್ ಮಾಡು."

ಮಾಡಿದೆ, ಸ್ಪೀಕರಿಗೆ ಹಾಕಿದೆ. ಜೋಬಿನ್ ಮಲಯಾಳದಲ್ಲಿ ವಿನಯವಾಗಿ ಕೇಳಿದ, ಏನಾದರೂ ಕುಳಪ್ಪ ಇದೆಯೇ ಚೇಚೀ?

"ಉಂಡ್ ಮೋನೇ," ಎಂದರು ಜಯಮ್ಮ. "ಕೊರಚ್ಚಲ್ಲ, ಕೊರೇ ಉಂಡ್." ಇದೆಯಪ್ಪ. ಸ್ವಲ್ಪವಲ್ಲ, ಬೇಕಾದಷ್ಟಿದೆ.

ಆಮೇಲೆ ಹನ್ನೆರಡು ನಿಮಿಷ ಮಾತನಾಡಿದರು. ಜೋಬಿನ್ ಹ್ಞೂಂಗುಡುತ್ತಾ ಹೋದ. ಎಳೆಯುವುದು ಬೇಡ, ಮೊಣಕೈಯಲ್ಲಿ ಒತ್ತಿದರೂ ಆಗುವಷ್ಟು ದೊಡ್ಡ ಗುಂಡಿ ಇಡು. ಮೂರು ನಿಮಿಷ ಕೊಡು. ಡೆಲಿವರಿಯವನು ಜಂಕ್ಷನ್ನಿಗೆ ಬಂದಾಗ ಹೇಳು. ಚೆಂಡೆಯನ್ನು ಹಬ್ಬಕ್ಕೆ ಇಟ್ಟುಕೊ. ನಡುನಡುವೆ ಮಲಯಾಳ ಸಾಲದೆ ಕನ್ನಡಕ್ಕೆ ಜಾರಿ ಒಂದೆರಡು ಸ್ತೋತ್ರವನ್ನೂ ಹೇಳಿದರು. ಜೋಬಿನ್ ಅರ್ಥ ಕೇಳಲಿಲ್ಲ. ಕೊನೆಗೆ, ಹನ್ನೊಂದು ಅಡುಗೆಮನೆಗಳನ್ನೂ ತೆಗೆಯುವುದಿಲ್ಲ, ಇವನ್ನೆಲ್ಲ ಸರಿಮಾಡಿದ ಮೇಲೆ ಹೊಸದಾಗಿ ಲೆಕ್ಕ ಶುರು ಮಾಡೋಣ ಎಂದ. ದನಿ ಸಣ್ಣಗಾಗಿತ್ತು, ಆದರೆ ಮಾತು ಗಟ್ಟಿಯಾಗಿತ್ತು.

ಫೋನು ಇಟ್ಟ ಮೇಲೆ ನನಗೆ ಕುಣಿಯುವಷ್ಟು ಸಂತೋಷ. ಕೂತು ವಡೆ ತಿಂದೆ, ನಾಲ್ಕು. ಬಾಯ್ತುಂಬಾ ಇಟ್ಟುಕೊಂಡೇ ಅಭ್ಯಾಸಬಲದಿಂದ ಕೇಳಿದೆ, "ಇನ್ನೇನಾದ್ರೂ ಇದ್ಯಾ ಆಂಟಿ?"

"ಏನಿಲ್ಲ ಬಿಡವ್ವ." ಅವರು ಮಣೆ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಒಂದದೆ. ಅದು ದೊಡ್ಡದೇನಲ್ಲ. ಬೋರ್ಡು."

"ಯಾವ ಬೋರ್ಡು?"

ಅವರು ಫೋನು ತೆಗೆದು, ಊಟ ತರಿಸುವವರಿಗೆ ಕಾಣುವ ಪುಟ ತೋರಿಸಿದರು. ಮೇಲೆ ದಪ್ಪ ಅಕ್ಷರದಲ್ಲಿ 'ಮೋಹನ್ಸ್ ಕಿಚನ್' ಎಂದಿತ್ತು. ಧನಶ್ರೀ ಅಪ್ಪನ ಫೋನ್ ನಂಬರಿನಲ್ಲಿ ಸೇರಿಸಿದ್ದಳು. ನಂಬರು ಯಾರದೋ ಅವರ ಹೆಸರನ್ನೇ ನಮ್ಮ ಆಪು ಅಂಗಡಿಗೆ ಇಟ್ಟುಬಿಡುತ್ತದೆ, ಯಾರನ್ನೂ ಕೇಳುವುದಿಲ್ಲ. ಕೆಳಗೆ ಊಟ ಮಾಡಿದವರು ಬರೆದ ಸಾಲು ಸಾಲು ಹೊಗಳಿಕೆ. 'ಮೋಹನ್ ಸಾರ್, ನಿಮ್ಮ ಉಪ್ಸಾರು ತಿಂದು ನಮ್ಮಜ್ಜಿ ನೆನಪಾದರು.' 'ಮೋಹನಣ್ಣ, ನಿಮ್ಮ ಕೈಗೆ ಚಿನ್ನದ ಬಳೆ ತೊಡಿಸಬೇಕು.' ನೀರು ಕಾಯಿಸಲೂ ಬಾರದ ಮೋಹನ ಅವನ್ನು ದಿನಾ ಸಂಜೆ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ, ಬಲು ಖುಷಿಯಿಂದ.

"ಇದಕ್ಕೆ ಒಂದು ಸಲಾನೂ ಬೈದೇ ಇಲ್ವಲ್ಲ ಆಂಟಿ ನೀವು," ಎಂದೆ. ನಲವತ್ತಮೂರನ್ನೂ ಎರಡೆರಡು ಸಲ ಕೇಳಿದವಳು ನಾನು.

"ಯಾರ್ಗಂತ ಬೈಯಾದು? ನಮ್ಮೆಜಮಾನ್ರ ಹೆಸ್ರಲ್ವಾ."

ಹೆಸರು ಬದಲಿಸಲು ನಮ್ಮಲ್ಲಿ ಅರ್ಜಿ ಹಾಕಬೇಕು, ಏಳು ದಿನ ಕಾಯಬೇಕು. ನಾನು ಲ್ಯಾಪ್‌ಟಾಪ್ ತೆರೆದು ಎರಡು ನಿಮಿಷದಲ್ಲಿ ಬದಲಿಸಿದೆ. ನಿಯಮ ಮುರಿದದ್ದಕ್ಕೆ ಸೋಮವಾರ ಬೈಸಿಕೊಂಡೆ, ಅದು ಬೇರೆ ವಿಷಯ. 'ಜಯಮ್ಮನ ಅಡುಗೆ' ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಬರೆದೆ. ಜಯಮ್ಮ ಕನ್ನಡಕ ಹಾಕಿಕೊಂಡು ನೋಡಿದರು, ಒಲೆಯ ಕಡೆ ತಿರುಗಿದರು. ಮುಂದಿನ ಆರ್ಡರ್ ಬಂದಾಗ ನಾವಿಬ್ಬರೂ ಸೇರಿ ಹೇಗೋ ಪಟ್ಟಿ ಎಳೆದೆವು.

ಅರ್ಧ ಗಂಟೆಯ ನಂತರ ಗೇಟಿನಲ್ಲಿ ಸ್ಕೂಟರ್ ನಿಂತಿತು. ಹೊಸ ಡೆಲಿವರಿಯವನು, ಫೋನು ನೋಡಿ ಓದಿ ಕೂಗಿದ, "ಜಯಮ್ಮ ಚೇಚೀ!"

ಮೋಹನ ಪೇಪರ್ ಮಡಿಸಿಟ್ಟು, ದಿನದಂತೆ ಚಪ್ಪಲಿ ಮೆಟ್ಟಿ ಗೇಟಿನ ಕಡೆ ಹೊರಟರು. ಒಳಗಿಂದ ಜಯಮ್ಮ ಎರಡೂ ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ಓಡಿ ಬಂದರು.

"ನೀವ್ ಎಲ್ಲಿಗ್ ಹೊಂಟ್ರಿ? ಕುತ್ಕೊಳ್ರಿ. ಕೂಗಿದ್ದು ನನ್ನ."